ಹುತ್ತರಿ ಕಳೆದ ಮೇಲೆ ನಮ್ಮ ಕಡೆ ರೆಸ್ಲಿಂಗ್ ಶೋ: ಎಲ್ಲಿ ಕೂರೋದು, ಏನು ನೋಡೋದು?

ಕಾವೇರಿಕಡೆ
ಹುತ್ತರಿ ಕಳೆದ ಮೇಲೆ ದಕ್ಷಿಣ ಕೊಡಗಲ್ಲಿ ಒಂದು ಸಣ್ಣ ತಂಡ ಪ್ರೊ ರೆಸ್ಲಿಂಗ್ ಶೋ ಮಾಡೋದು ಖಾತ್ರಿ ಆಗಿದೆ. ಟಿವಿಯಲ್ಲಿ ಬರೋ ದೊಡ್ಡ ಕಂಪನಿ ಅಲ್ಲ. ರಿಂಗನ್ನು ಲಾರಿಯಲ್ಲಿ ಹೇರಿಕೊಂಡು ಊರೂರಿಗೆ ಹೋಗೋ ಸ್ವತಂತ್ರ ತಂಡ. ಆರೇಳು ಪಂದ್ಯ, ಮುನ್ನೂರು ಕುರ್ಚಿ. ಮೈದಾನವೋ ಹಾಲೋ ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಇಲ್ಲಿರೋ ಎಷ್ಟೋ ಜನ ರೆಸ್ಲರುಗಳ ಚಿತ್ರದ ಟ್ರಂಪ್ ಕಾರ್ಡ್ ಆಡ್ತಿದ್ದ ಕಾಲದಿಂದ ಬಿಡದೆ ನೋಡ್ತಾ ಬಂದೋರು. ಹಾಗಾಗಿ ಎರಡು ವಿಷಯ ಕೇಳಬೇಕು. ಒಂದು, ಇಂಥ ಸಣ್ಣ ಶೋದಲ್ಲಿ ಎಲ್ಲಿ ಕೂತರೆ ಸರಿಯಾಗಿ ಕಾಣುತ್ತೆ, ಟಿವಿಯಲ್ಲಿ ಕಾಣದ ಯಾವುದನ್ನು ಗಮನಿಸಬೇಕು? ಎರಡು, ಜಾಗ ಕೊಡ್ತಿರೋ ಯುವಕ ಸಂಘದವರಿಗೆ ರಿಂಗಿನ ಬಗ್ಗೆ ಏನೂ ಗೊತ್ತಿಲ್ಲ. ಅವರು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಏಲಕ್ಕಿ
ಮುಂದಿನ ಸಾಲು ಬುಕ್ ಮಾಡಿ, ಮುಗೀತು.

ಮೂರನೇಹಗ್ಗ
ಅಷ್ಟು ಸುಲಭ ಇಲ್ಲ ಮಾರಾಯ್ರೆ. ಲೆಕ್ಕ ಹಾಕಿ ನೋಡಿ. ರಿಂಗಿನ ಹಾಸು ನೆಲದಿಂದ ಸುಮಾರು ಮೂರೂವರೆ ಅಡಿ ಮೇಲೆ ಇರುತ್ತೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವನ ಕಣ್ಣು ನೆಲದಿಂದ ನಾಲ್ಕಡಿ. ಅಂದರೆ ಮೊದಲನೇ ಸಾಲಿನವನಿಗೆ ಹಾಸಿನ ಮೇಲ್ಮೈ ಅರ್ಧ ಅಡಿಯ ಅಂತರದಲ್ಲಿ ಒಂದು ಗೆರೆಯ ಹಾಗೆ ಕಾಣುತ್ತೆ. ರೆಸ್ಲರ್ ನಿಂತಿದ್ದಾಗ ಪರವಾಗಿಲ್ಲ, ನೆಲ ಹಿಡಿದಾಗ ಸರಿಯಾಗಿ ಕಾಣಲ್ಲ. ಎರಡನೇ ಸಾಲಿಂದ ಹಿಂದಕ್ಕೆ ಇನ್ನೂ ಕಷ್ಟ, ಮುಂದಿನವರ ತಲೆ ಹಾಸನ್ನೇ ಮುಚ್ಚಿಬಿಡುತ್ತೆ. ನೆಲ ಸಮತಟ್ಟಾಗಿದ್ದರೆ ಐದನೇ ಸಾಲಿನವನು ಅರ್ಧ ಪಂದ್ಯವನ್ನು ಎದ್ದು ನಿಂತೇ ನೋಡಬೇಕು.

ಮೈದಾನಕ್ಕೆ ಗ್ಯಾಲರಿ ಇದ್ದರೆ ಕಣ್ಣು ಮುಚ್ಚಿಕೊಂಡು ಅಲ್ಲಿಗೆ ಹೋಗಿ. ಕೌಟುಂಬಿಕ ಹಾಕಿಗೆ ಕಟ್ತಾರಲ್ಲ, ಅಂಥ ಗ್ಯಾಲರಿಯ ನಾಲ್ಕನೇ ಐದನೇ ಮೆಟ್ಟಿಲಿಂದ ಹಾಸು ಪೂರ್ತಿ ಕಾಣುತ್ತೆ. ನೆಲದ ಕುರ್ಚಿಯೇ ಗತಿ ಅಂದರೆ ನಡುದಾರಿಯ ಅಂಚಿನ ಕುರ್ಚಿ ಹಿಡೀರಿ. ಒಂದು ಪಕ್ಕದಲ್ಲಿ ತಲೆ ಇರಲ್ಲ, ರೆಸ್ಲರುಗಳು ಬರೋದೂ ಅದೇ ದಾರಿ.

ಪಾಲಿಬೆಟ್ಟದವ
ಕ್ಯಾಮೆರಾ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ಸಣ್ಣ ತಂಡದವರು ಯೂಟ್ಯೂಬಿಗೆ ಹಾಕೋಕೆ ಒಂದಾದರೂ ಸ್ಟ್ಯಾಂಡ್ ಕ್ಯಾಮೆರಾ ಇಟ್ಟಿರ್ತಾರೆ. ರೆಸ್ಲರುಗಳು ಮುಖ ತೋರಿಸೋದು, ನೋವು ತೋರಿಸೋದು, ದೊಡ್ಡ ಪಟ್ಟು ಹಾಕೋದು ಎಲ್ಲ ಆ ಕಡೆಗೇ. ಅದರ ಎದುರು ಕೂತರೆ ಇಡೀ ಸಂಜೆ ಬೆನ್ನು ನೋಡಬೇಕಾಗುತ್ತೆ. ಕ್ಯಾಮೆರಾ ಇರೋ ಮಗ್ಗುಲಲ್ಲೇ ಕೂರಿ.

ಬೆಳಗಿನಮಂಜು
ಎಲ್ಲ ಮೊದಲೇ ಬರೆದಿಟ್ಟ ಡೂಪ್ ಫೈಟಿಗೆ ಇಷ್ಟು ಲೆಕ್ಕವಾ? ಮೈಸೂರು ದಸರಾ ಕುಸ್ತಿ ನೋಡಿ, ಅದು ಕುಸ್ತಿ.

ಮೂರನೇಹಗ್ಗ
ಗೆಲ್ಲೋದು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತೆ, ಅದನ್ನು ಯಾರೂ ಇಲ್ಲ ಅನ್ನಲ್ಲ. ಬೀಳೋದು ಮಾತ್ರ ಸುಳ್ಳಲ್ಲ ಸಾರ್. ಹಾಸಿನ ಒಳಗೆ ಇರೋದು ಇಷ್ಟೇ: ಕಬ್ಬಿಣದ ಚೌಕಟ್ಟು, ಅದರ ಮೇಲೆ ಎರಡಿಂಚು ದಪ್ಪದ ಹಲಗೆ ಇಲ್ಲವೇ ಮುಕ್ಕಾಲಿಂಚಿನ ಪ್ಲೈವುಡ್, ಅದರ ಮೇಲೆ ಒಂದಿಂಚು ಫೋಮ್, ಎಲ್ಲದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಕ್ಯಾನ್ವಾಸ್. ಕೆಲವು ರಿಂಗಿಗೆ ನಡುವೆ ಸ್ಪ್ರಿಂಗ್ ಇರುತ್ತೆ, ಕೆಲವಕ್ಕೆ ಅದೂ ಇಲ್ಲ.

ಬೀಳೋದನ್ನೇ ತಿಂಗಳುಗಟ್ಟಲೆ ಕಲೀತಾರೆ. ಗದ್ದ ಎದೆಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತೆ. ಬೆನ್ನಿನ ಮೇಲ್ಭಾಗ ಅಗಲವಾಗಿ ಒಟ್ಟಿಗೇ ತಾಗಬೇಕು. ಕೈಗಳು ಮೈಯಿಂದ ಓರೆಯಾಗಿ ಚಾಚಿ, ಅಂಗೈ ಕೆಳಗೆ ಮಾಡಿ, ಬೆನ್ನು ತಾಗೋ ಕ್ಷಣಕ್ಕೇ ಹಾಸಿನ ಮೇಲೆ ಬಡೀಬೇಕು. ಉಸಿರು ಹೊರಗೆ ಬಿಡಬೇಕು. ಭಯಕ್ಕೆ ಕೈ ಹಿಂದಕ್ಕೆ ಊರಿದರೆ ಮಣಿಕಟ್ಟು ಇಲ್ಲವೇ ಮೊಣಕೈ ಹೋಗುತ್ತೆ. ಹೊಸಬರು ಯಾರು, ಪಳಗಿದವರು ಯಾರು ಅಂತ ಗೊತ್ತಾಗೋದು ಇಲ್ಲಿಯೇ. ಗದ್ದ ನೋಡಿ ಸಾಕು.

ಮಟ್ಟಿಮಣ್ಣು
ಎರಡನ್ನೂ ಎದುರು ಬದುರು ನಿಲ್ಲಿಸೋದು ಬೇಡ. ನಾಡಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಟ್ಟಿಗೆ, ಅಂದರೆ ಅಖಾಡದ ಮಣ್ಣಿಗೆ, ತಾಗಿಸಿದರೆ ಚಿತ್. ಪ್ರೊ ರೆಸ್ಲಿಂಗಲ್ಲೂ ಎರಡೂ ಭುಜ ತಾಗಬೇಕು, ಜೊತೆಗೆ ರೆಫರಿ ಮೂರು ಎಣಿಸಬೇಕು. ಬೇರು ಒಂದೇ ಕಡೆ ಇದೆ. ಭುಜದ ಮೇಲೆ ಅಡ್ಡ ಹೊತ್ತು ಎಸೆಯೋ ಪಟ್ಟನ್ನು ಉತ್ತರದ ಅಖಾಡಗಳಲ್ಲಿ ಕಲಾಜಂಗ್ ಅಂತಾರೆ. ಅದನ್ನೇ ರಿಂಗಲ್ಲೂ ನೋಡ್ತೀರಿ.

ವ್ಯತ್ಯಾಸ ಇರೋದು ಜೋಡಿ ಕಟ್ಟೋದರಲ್ಲಿ. ದಸರಾ ಕುಸ್ತಿಗೆ ವಾರಗಳ ಮೊದಲೇ ಪೈಲ್ವಾನರನ್ನು ಕರೆದು ತೂಕ, ವಯಸ್ಸು, ಅನುಭವ ನೋಡಿ ಸಮ ಜೋಡಿ ಕಟ್ತಾರೆ. ಪ್ರೊ ರೆಸ್ಲಿಂಗಲ್ಲಿ ಬೇಕಂತಲೇ ಅಸಮ ಜೋಡಿ ಹಾಕ್ತಾರೆ, ನೂರಿಪ್ಪತ್ತು ಕೆಜಿಯವನ ಎದುರಿಗೆ ಅರವತ್ತೈದು ಕೆಜಿಯವನನ್ನು. ಕಥೆ ಹುಟ್ಟೋದು ಆ ಅಸಮತೆಯಿಂದಲೇ.

ಕಿತ್ತಳೆತೋಟ
ಗಾಮಾ ಪೈಲ್ವಾನ್ 1910ರಲ್ಲಿ ಲಂಡನ್ನಿಗೆ ಹೋಗಿ ಪೋಲೆಂಡಿನ ಜ್ಬಿಸ್ಕೋನನ್ನು ಚಿತ್ ಮಾಡಿದ್ದೂ ಇಂಥ ಪ್ರೊ ಪಂದ್ಯದಲ್ಲೇ ತಾನೇ?

ಮಟ್ಟಿಮಣ್ಣು
ಸ್ವಲ್ಪ ತಿದ್ದಬೇಕು. 1910ರ ಸೆಪ್ಟೆಂಬರಿನ ಆ ಪಂದ್ಯ ಎರಡೂವರೆ ಗಂಟೆಗೂ ಹೆಚ್ಚು ನಡೆದು ಸಮ ಆಯ್ತು. ಜ್ಬಿಸ್ಕೋ ಬಹುಪಾಲು ಹೊತ್ತು ನೆಲ ಕಚ್ಚಿಕೊಂಡೇ ಇದ್ದ. ಮರುಪಂದ್ಯಕ್ಕೆ ಅವನು ಬರಲೇ ಇಲ್ಲ, ಹಾಗಾಗಿ ಗಾಮಾ ಗೆದ್ದ ಅಂತ ಘೋಷಿಸಿದರು. ನಿಜವಾಗಿ ಚಿತ್ ಮಾಡಿದ್ದು 1928ರಲ್ಲಿ ಪಟಿಯಾಲದಲ್ಲಿ, ಅದೂ ಒಂದು ನಿಮಿಷದೊಳಗೆ.

ಪಾಲಿಬೆಟ್ಟದವ
ದಾರಾಸಿಂಗ್ 1968ರಲ್ಲಿ ಮುಂಬೈಯಲ್ಲಿ ಅಮೆರಿಕದ ರೆಸ್ಲರ್ ಲೂ ಥೆಜ್‌ನನ್ನು ಸೋಲಿಸಿದ್ದನ್ನೂ ಸೇರಿಸಿ. ಖಲಿ ವಿಶ್ವ ಹೆವಿವೇಟ್ ಬೆಲ್ಟ್ ಗೆದ್ದಿದ್ದು 2007. ಪುಣೆಯ ಬಾಲೇವಾಡಿಯಲ್ಲಿ ರಿಂಗ್ ಕಾ ಕಿಂಗ್ ಅನ್ನೋ ರೆಸ್ಲಿಂಗ್ ಶೋ ನಡೆದು ಟಿವಿಯಲ್ಲಿ ಬಂದಿದ್ದು 2012. ಖಲಿ ಜಲಂಧರದಲ್ಲಿ ತರಬೇತಿ ಶಾಲೆ ತೆಗೆದಿದ್ದು 2015. ಈಗ ಹೀಗೆ ಊರೂರಿಗೆ ಬರೋ ಹುಡುಗರು ಸುಮ್ಮನೆ ಆಕಾಶದಿಂದ ಇಳಿದವರಲ್ಲ.

ಕಾವೇರಿಕಡೆ
ವಿಷಯಕ್ಕೆ ಬನ್ನಿ ಅಣ್ಣಂದಿರೇ. ಸಂಘದವರ ಪ್ರಶ್ನೆ ಹಾಗೇ ಉಳೀತು. ಮೈದಾನವಾ, ಹಾಲಾ?

ಹಾರಂಗಿನೀರು
ಹಾಲ್. ಡಿಸೆಂಬರ್ ಚಳಿಯಲ್ಲಿ ಮೈದಾನದಲ್ಲಿ ಯಾರು ಕೂರ್ತಾರೆ? ಹಾಲಲ್ಲಿ ಸದ್ದೂ ಚೆನ್ನಾಗಿ ಕಟ್ಟುತ್ತೆ. ಮುನ್ನೂರು ಜನ ಕೂಗಿದರೆ ಮೂರು ಸಾವಿರದ ಹಾಗೆ ಕೇಳುತ್ತೆ.

ಗ್ಯಾಸ್‌ಕಟ್ಟರ್
ಹಾಲ್ ಅನ್ನೋ ಮೊದಲು ಟೇಪ್ ಹಿಡಿದು ಎತ್ತರ ಅಳೀರಿ. ಹಾಸು ಮೂರೂವರೆ ಅಡಿ, ಅಲ್ಲಿಂದ ಮೇಲಿನ ಹಗ್ಗ ನಾಲ್ಕೂವರೆ ಅಡಿ. ಎಂಟಾಯ್ತು. ಹಗ್ಗದ ಮೇಲೆ ಆರಡಿ ಆಳು ನಿಂತರೆ ಹದಿನಾಲ್ಕು. ಅವನು ಕೈ ಎತ್ತಬೇಕು, ಹಾರಬೇಕು. ಹದಿನಾರು ಅಡಿಗಿಂತ ಕೆಳಗೆ ತೊಲೆ, ಫ್ಯಾನು, ಜೂಮರ್ ಲೈಟು ಏನೂ ಇರಬಾರದು. ನಮ್ಮ ಕಲ್ಯಾಣ ಮಂಟಪಗಳಲ್ಲಿ ಸೂರು ಎತ್ತರ ಇದ್ದರೂ ಫ್ಯಾನಿನ ರಾಡು ಉದ್ದ ಬಿಟ್ಟು ಹನ್ನೆರಡು ಹದಿಮೂರು ಅಡಿಗೆ ಇಳಿಸಿರ್ತಾರೆ. ರಿಂಗಿನ ನಾಲ್ಕು ಮೂಲೆಗಳ ಮೇಲೆ ಫ್ಯಾನ್ ಬಂದರೆ ಬಿಚ್ಚಲೇಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ನಿಂತ ರೆಕ್ಕೆಯೂ ಹಣೆ ಸೀಳುತ್ತೆ.

ಅಗಲ: ರಿಂಗ್ ಹದಿನೆಂಟು ಅಡಿ ಚೌಕ ಅಂತ ಇಟ್ಟುಕೊಳ್ಳಿ. ಸಣ್ಣ ತಂಡಗಳದ್ದು ಹದಿನಾರು ಇಲ್ಲವೇ ಹದಿನೆಂಟು, ಟಿವಿಯವರದ್ದು ಇಪ್ಪತ್ತು. ಸುತ್ತ ಆರಡಿ ಖಾಲಿ ಬಿಡಬೇಕು. ಮೂವತ್ತಕ್ಕೆ ಮೂವತ್ತು ರಿಂಗಿಗೇ ಹೋಯ್ತು, ಕುರ್ಚಿ ಅದರಾಚೆಗೆ. ಟೈಲ್ಸ್ ನೆಲ ಆದರೆ ಕಾಲುಗಳ ಕೆಳಗೆ ಹಲಗೆ, ಹಲಗೆ ಕೆಳಗೆ ದಪ್ಪ ರಬ್ಬರ್. ಇಲ್ಲದಿದ್ದರೆ ಮೊದಲ ಪಂದ್ಯಕ್ಕೇ ನಾಲ್ಕು ಟೈಲ್ಸ್ ಒಡೆದು, ಹಾಲ್‌ನವರು ಡಿಪಾಸಿಟ್ ಹಿಡಿದುಕೊಳ್ತಾರೆ.

ಹಾರಂಗಿನೀರು
ಮೈದಾನದಲ್ಲಿ ಈ ತಲೆನೋವು ಯಾವುದೂ ಇಲ್ಲ ಅಂತೀರಾ?

ಗ್ಯಾಸ್‌ಕಟ್ಟರ್
ಅಲ್ಲಿ ಬೇರೆ ತಲೆನೋವು. ನಮ್ಮ ಮಣ್ಣು ಒಂದು ಮಳೆಗೆ ಮೆತ್ತಗಾಗುತ್ತೆ. ಒಂದು ಮೂಲೆಯ ಕಂಬ ಎರಡಿಂಚು ಕುಸಿದರೆ ಚೌಕಟ್ಟು ತಿರುಚಿಕೊಳ್ಳುತ್ತೆ, ಆ ಮಗ್ಗುಲ ಹಗ್ಗ ಸಡಿಲ ಆಗುತ್ತೆ, ಹಲಗೆಗಳ ನಡುವೆ ಸಂದು ಬೀಳುತ್ತೆ. ಸಂದಿನಲ್ಲಿ ಹಿಮ್ಮಡಿ ಸಿಕ್ಕಿಕೊಂಡರೆ ಪಾದ ಉಳುಕೋದು ಅಲ್ಲಿಯೇ. ಪ್ರತಿ ಕಂಬದ ಕೆಳಗೆ ಎರಡಡಿ ಚೌಕದ ದಪ್ಪ ಹಲಗೆ ಇಡಬೇಕು, ಮೊದಲು ಕೊಳವೆ ಮಟ್ಟ ಹಿಡಿದು ನಾಲ್ಕೂ ಮೂಲೆ ಸಮ ಮಾಡಬೇಕು. ಜೋಡಿಸಿ ಆದ ಮೇಲೆ ನಾಲ್ಕು ಜನ ನಡುವೆ ನಿಂತು ಕುಣೀಲಿ, ಮತ್ತೆ ಮಟ್ಟ ನೋಡಿ. ಕೂತುಕೊಳ್ಳೋದಿದ್ದರೆ ಆಗಲೇ ಕೂರುತ್ತೆ.

ಕಿತ್ತಳೆತೋಟ
ಹಲಗೆಗೆ ಸಿಲ್ವರ್ ಓಕ್ ಸಾಕಲ್ವಾ? ಎಲ್ಲರ ತೋಟದಲ್ಲೂ ಬಿದ್ದಿರುತ್ತೆ.

ಗ್ಯಾಸ್‌ಕಟ್ಟರ್
ಕಂಬದ ಕೆಳಗೆ ಇಡೋಕೆ ಸಾಕು. ರಿಂಗಿನ ಹಾಸಿನೊಳಗೆ ಹಾಕೋಕೆ ಬೇಡವೇ ಬೇಡ. ಗಂಟಿರೋ ಹಲಗೆ ಗಂಟಿನ ಹತ್ತಿರವೇ ಮುರಿಯುತ್ತೆ, ಹಸಿ ಹಲಗೆ ಒಣಗ್ತಾ ಬಾಗುತ್ತೆ. ತಂಡದವರದ್ದೇ ಹಲಗೆ ಇರುತ್ತೆ, ಅದನ್ನೇ ಹಾಕಲಿ. ಒಂದು ಮುರಿದಿದ್ದರೆ ಬದಲಿ ಇದೆಯಾ ಅಂತ ಮಧ್ಯಾಹ್ನವೇ ಕೇಳಿ.

ಇನ್ನೊಂದು, ಹಗ್ಗ. ಸಣ್ಣ ರಿಂಗುಗಳಲ್ಲಿ ಹಗ್ಗ ಅಂದರೆ ಬಹಳ ಸಲ ಉಕ್ಕಿನ ವೈರ್ ರೋಪ್, ಅದಕ್ಕೆ ರಬ್ಬರ್ ಪೈಪ್ ತೊಡಿಸಿ ಮೇಲೆ ಟೇಪ್ ಸುತ್ತಿರ್ತಾರೆ. ತುದಿಯನ್ನು ಮಡಚಿ ಕ್ಲ್ಯಾಂಪ್ ಹಾಕಿರ್ತಾರೆ. ಕನಿಷ್ಠ ಮೂರು ಕ್ಲ್ಯಾಂಪ್ ಇರಬೇಕು. ಯು ಬೋಲ್ಟು ಮಡಚಿದ ಸಣ್ಣ ತುದಿಯ ಮೇಲೆ ಕೂರಬೇಕು, ತಟ್ಟೆ ಭಾರ ಹೊರೋ ಉದ್ದ ತಂತಿಯ ಕಡೆಗೆ. ತಿರುಗುಮುರುಗು ಹಾಕಿದರೆ ಬೋಲ್ಟೇ ತಂತಿಯನ್ನು ಜಜ್ಜಿ ಬಲ ತಗ್ಗಿಸುತ್ತೆ. ಎರಡು ಪಂದ್ಯಕ್ಕೊಮ್ಮೆ ಟರ್ನ್‌ಬಕಲ್, ಅಂದರೆ ಮೂಲೆಯಲ್ಲಿ ಹಗ್ಗ ಬಿಗಿ ಮಾಡೋ ತಿರುಪು, ತಿರುಗಿಸಿ ಬಿಗಿ ನೋಡಬೇಕು.

ಮೂರನೇಹಗ್ಗ
ಇದು ಬಂಗಾರದಂಥ ಮಾತು. ಓಡಿ ಬಂದು ಹಗ್ಗಕ್ಕೆ ಬೆನ್ನು ಕೊಡುವಾಗ ರೆಸ್ಲರ್ ಮೇಲಿನ ಹಗ್ಗವನ್ನು ಕೈಯಲ್ಲಿ ಹಿಡೀತಾನೆ, ನೋಡಿರ್ತೀರಿ. ಅಂದಕ್ಕೆ ಅಲ್ಲ. ಹಗ್ಗ ಕಡಿದರೆ ಹಿಮ್ಮುಖವಾಗಿ ಕೆಳಗೆ ಬೀಳಬಾರದು ಅಂತ. ಓಟದ ಹೆಜ್ಜೆಯನ್ನೂ ಎಣಿಸಿ: ಈ ಕಡೆಯ ಹಗ್ಗದಿಂದ ಆ ಕಡೆಗೆ ಮೂರೇ ಹೆಜ್ಜೆ. ದೊಡ್ಡ ರಿಂಗಲ್ಲಿ ಕಲಿತು ಹದಿನಾರಡಿ ರಿಂಗಿಗೆ ಬಂದವನು ಮೊದಲ ಪಂದ್ಯದಲ್ಲಿ ಹೆಜ್ಜೆ ತಪ್ಪೋದು ಸಹಜ. ತಪ್ಪಿದ್ದಕ್ಕೆ ಗೇಲಿ ಮಾಡಬೇಡಿ, ಅದನ್ನು ಹೇಗೆ ಮುಚ್ಚಿ ಮುಂದಕ್ಕೆ ಹೋದ ಅಂತ ನೋಡಿ.

ಸದ್ದನ್ನೂ ಕೇಳಿಸಿಕೊಳ್ಳಿ. ಟಿವಿಯಲ್ಲಿ ರಿಂಗಿನ ಕೆಳಗೆ ಮೈಕ್ ಇಟ್ಟಿರ್ತಾರೆ, ಹಾಗಾಗಿ ಬಿದ್ದಿದ್ದು ಗುಡುಗಿನ ಹಾಗೆ ಕೇಳುತ್ತೆ. ಇಲ್ಲಿ ಹಲಗೆಯ ನಿಜವಾದ ಸದ್ದು. ಗುದ್ದುವಾಗ ಕಾಲು ಅಪ್ಪಳಿಸಿದ್ದು, ಒದೆಯುವಾಗ ತೊಡೆ ತಟ್ಟಿದ್ದು ಕಾಣುತ್ತೆ. ಎದೆಗೆ ಅಂಗೈ ಬೀಸೋ ಚಾಪ್ ಮಾತ್ರ ಪೂರ್ತಿ ಅಸಲಿ, ಎರಡು ಏಟಿಗೆ ಎದೆ ಕೆಂಪಾಗುತ್ತೆ.

ಬೆಳಗಿನಮಂಜು
ಕಾಲು ಅಪ್ಪಳಿಸಿದ್ದು ಕಂಡ ಮೇಲೆ ಮಜಾ ಎಲ್ಲಿ ಉಳೀತು?

ಸೋಮವಾರಪೇಟೆಅಕ್ಕ
ಯಕ್ಷಗಾನದಲ್ಲಿ ರಾಕ್ಷಸ ನಿಜವಾಗಿ ಸಾಯಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೂ ಕೂರ್ತೀವಿ. ವೇಷ ಹೇಗೆ ಕುಣಿದ, ಮಾತಿಗೆ ಮಾತು ಹೇಗೆ ಕೊಟ್ಟ ಅನ್ನೋದೇ ಅಲ್ಲಿ ಮುಖ್ಯ. ಇಲ್ಲೂ ಹಾಗೇ ನೋಡಿ. ಇಬ್ಬರೂ ಸೇರಿ ಒಬ್ಬನ ಕುತ್ತಿಗೆ ಮುರಿಯದ ಹಾಗೆ ಕಾಪಾಡ್ತಾ, ಮುರಿದೇ ಹೋಯ್ತು ಅಂತ ನಮಗೆ ಅನ್ನಿಸಬೇಕು. ಅದು ಸಣ್ಣ ವಿದ್ಯೆ ಅಲ್ಲ.

ನನ್ನ ಪ್ರಶ್ನೆ ಬೇರೆ: ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಪಾಲಿಬೆಟ್ಟದವ
ಹೋಗಬಹುದು ಅಕ್ಕ, ಆದರೆ ಮೊದಲ ಎರಡು ಸಾಲು ಬೇಡ, ನಡುದಾರಿ ಅಂಚೂ ಬೇಡ. ಹೊರಗೆ ಹಾರೋದು, ಜನರ ನಡುವೆ ಜಗಳ ತರೋದು ಅಲ್ಲೇ. ರೆಸ್ಲರ್ ನಿಮ್ಮ ಕಡೆ ಬಂದರೆ ಬ್ಯಾಗ್ ಎತ್ತಿಕೊಂಡು ಕುರ್ಚಿ ಬಿಟ್ಟು ಪಕ್ಕಕ್ಕೆ ಸರೀರಿ. ಕುರ್ಚಿ ಉಳಿಸೋಕೆ ಹೋಗಬೇಡಿ. ರೆಫರಿಯೋ ರೆಸ್ಲರೋ ಮೆಲ್ಲಗೆ "ಸರೀರಿ" ಅಂದೇ ಅಂತಾರೆ.

ಆಯೋಜಕರನ್ನು ಮೊದಲೇ ಕೇಳಿ: ರಕ್ತ ಬರೋ ಪಂದ್ಯ, ಮುಳ್ಳುತಂತಿ, ಟ್ಯೂಬ್‌ಲೈಟ್ ಏನಾದರೂ ಇದೆಯಾ? ಇದ್ದರೆ ಮಕ್ಕಳಿಗೆ ಬೇಡ. ಟ್ಯೂಬ್‌ಲೈಟ್ ಚೂರು ಮೂರು ನಾಲ್ಕು ಸಾಲು ದಾಟಿ ಬರುತ್ತೆ.

ಮಟ್ಟಿಮಣ್ಣು
ರಕ್ತದ ಮಾತು ಬಂತು ಅಂತ ಹೇಳ್ತೀನಿ. ಮೈಸೂರು ಅರಮನೆಯಲ್ಲಿ ವಿಜಯದಶಮಿ ದಿನ ಜೆಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ಮೊದಲ ಹನಿ ರಕ್ತ ಕಂಡರೆ ಮುಗೀತು, ನಿಲ್ಲಿಸ್ತಾರೆ. ರಿಂಗಲ್ಲಿ ರಕ್ತ ಬಂದರೆ ಪಂದ್ಯ ಮುಂದುವರಿಯುತ್ತೆ. ಹಾಗೆ ಆದಾಗ ಮುಂದಿನ ಪಂದ್ಯಕ್ಕೆ ಮೊದಲು ಕ್ಯಾನ್ವಾಸನ್ನು ಬ್ಲೀಚಿಂಗ್ ನೀರಲ್ಲಿ ಒರೆಸಿ ಒಣಗಿಸಲೇಬೇಕು. ಇನ್ನೊಬ್ಬನ ಗಾಯ ಅದರ ಮೇಲೆ ಉಜ್ಜುತ್ತೆ.

ಹಾರಂಗಿನೀರು
ಕುರ್ಚಿಯಲ್ಲಿ ಹೊಡೆಯೋದು ಇರುತ್ತಾ?

ಮೂರನೇಹಗ್ಗ
ಇದ್ದರೆ ತಂಡದವರದ್ದೇ ಮಡಚೋ ಕಬ್ಬಿಣದ ಕುರ್ಚಿ, ಅದರ ಚಪ್ಪಟೆ ಭಾಗ, ಅದೂ ಬೆನ್ನಿಗೆ. ತಲೆಗೆ ಹೊಡೆಯೋದನ್ನು ಟಿವಿಯ ದೊಡ್ಡ ಕಂಪನಿ ಡಬ್ಲ್ಯೂಡಬ್ಲ್ಯೂಇ 2010ರಲ್ಲೇ ನಿಲ್ಲಿಸಿತು. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿಗೆ ಮಾತ್ರ ಕೈ ಹಾಕಬಾರದು, ಸಂಘದವರು ಮೊದಲೇ ಹೇಳಿಡಿ. ಬಿಸಿಲಿಗೆ ಹಳೇದಾದ ಪ್ಲಾಸ್ಟಿಕ್ ಒಡೆದು ಚೂರಿಯ ಹಾಗೆ ಮೊನೆ ಬರುತ್ತೆ.

ಏಲಕ್ಕಿ
ಪಂದಿಕರಿ ಕಡಂಬಿಟ್ಟು ಸ್ಟಾಲ್ ಇರುತ್ತಾ? ಅದನ್ನು ಹೇಳಿ ಮೊದಲು.

ಗ್ಯಾಸ್‌ಕಟ್ಟರ್
ಇರಲಿ, ರಿಂಗಿಂದ ದೂರ ಇರಲಿ. ಎಣ್ಣೆ, ಸಾರು ನೆಲಕ್ಕೆ ಚೆಲ್ಲಿದರೆ ಹೊರಗೆ ಇಳಿದ ರೆಸ್ಲರ್ ಬೂಟಿಗೆ ಮೆತ್ತಿಕೊಂಡು ಕ್ಯಾನ್ವಾಸಿಗೆ ಬರುತ್ತೆ.

ಸೋಮವಾರಪೇಟೆಅಕ್ಕ
ನಿಜವಾಗಿ ಪೆಟ್ಟಾದರೆ ನಮಗೆ ಹೇಗೆ ಗೊತ್ತಾಗೋದು?

ಮೂರನೇಹಗ್ಗ
ರೆಫರಿಯನ್ನು ನೋಡಿ. ಎರಡೂ ಕೈ ತಲೆ ಮೇಲೆ ಅಡ್ಡ ಮಾಡಿ ಗುಣಾಕಾರದ ಚಿಹ್ನೆ ತೋರಿಸಿದರೆ ಅದು ಅಸಲಿ ಪೆಟ್ಟಿನ ಸಂಕೇತ. ಅಪರೂಪಕ್ಕೆ ಕಥೆಗೂ ಬಳಸ್ತಾರೆ, ಅದು ತಪ್ಪು ಪದ್ಧತಿ. ಸಂಕೇತ ಕಂಡ ಕೂಡಲೇ ಕೂಗೋದು, ವಿಡಿಯೋ ಮಾಡೋದು ನಿಲ್ಲಿಸಿ.

ರೆಫರಿ ಎಣಿಸೋಕೆ ಮಾತ್ರ ಇರೋದಲ್ಲ. ಹಗ್ಗ ಮುಟ್ಟಿದವನನ್ನು ಬಿಡಿಸೋಕೆ ಐದು, ಹೊರಗೆ ಹೋದವನಿಗೆ ಹತ್ತು, ಜಪಾನಿನ ದೊಡ್ಡ ತಂಡದಲ್ಲಿ ಇಪ್ಪತ್ತು, ಇದೆಲ್ಲ ಮೇಲುಗಡೆಯ ಕೆಲಸ. ಬಿದ್ದವನ ಹತ್ತಿರ ಬಗ್ಗಿ ಕೈ ಹಿಡಿದಾಗ "ಸರಿ ಇದ್ದೀಯಾ" ಅಂತ ಕೇಳ್ತಾನೆ, ಅವನು ಕೈ ಒತ್ತಿ ಉತ್ತರ ಕೊಡ್ತಾನೆ. ಎಷ್ಟು ನಿಮಿಷ ಉಳಿದಿದೆ ಅಂತ ತಿಳಿಸೋದೂ ಅವನೇ. ಹತ್ತಿರ ಕೂತರೆ ತುಟಿ ಅಲುಗೋದು ಕಾಣುತ್ತೆ.

ಪಾಲಿಬೆಟ್ಟದವ
ಸಂಘದವರು ಆಂಬುಲೆನ್ಸ್ ಗೇಟಿನ ಒಳಗೇ, ಮುಖ ರಸ್ತೆ ಕಡೆಗೆ ಮಾಡಿ ನಿಲ್ಲಿಸಲಿ. ವಿರಾಜಪೇಟೆ ಕಡೆಯಿಂದ ಮಡಿಕೇರಿಗೆ ಸುಮಾರು ಮೂವತ್ತು ಕಿಲೋಮೀಟರ್ ತಿರುವು ದಾರಿ, 108ಕ್ಕೆ ಆಮೇಲೆ ಫೋನ್ ಮಾಡ್ತೀವಿ ಅಂದರೆ ಆಗಲ್ಲ. ಕುತ್ತಿಗೆ ಪೆಟ್ಟಾದವನನ್ನು ಎತ್ತಿ ಕೂರಿಸೋದು, ನೀರು ಕುಡಿಸೋದು ಮಾಡಬಾರದು. ತಲೆ ಅಲುಗದ ಹಾಗೆ ಹಿಡಿದು, ಬೆನ್ನಿನ ಹಲಗೆ ಮೇಲೆ ಎಲ್ಲರೂ ಒಟ್ಟಿಗೆ ಸರಿಸಬೇಕು. ಪಾರ್ಕಿಂಗ್ ಮಾಡಿದ ಜೀಪು ಬೈಕು ಆ ದಾರಿಗೆ ಅಡ್ಡ ಬರದಿರಲಿ.

ಕಿತ್ತಳೆತೋಟ
ಕೂಗೋದರಲ್ಲಿ ಏನಾದರೂ ನಿಯಮ ಇದೆಯಾ?

ಪಾಲಿಬೆಟ್ಟದವ
ಗಟ್ಟಿಯಾಗಿ ಕೂಗಿ, ಅದೇ ಅವರಿಗೆ ಇಂಧನ. ಖಳನಿಗೆ ಛೀಮಾರಿ ಹಾಕಿದರೆ ಅವನ ಕೆಲಸ ಗೆದ್ದ ಹಾಗೆ. ಆದರೆ ಜಾತಿ, ತಾಯಿ, ಮೈಬಣ್ಣ ತರಬೇಡಿ. ಬಾಟಲಿ ಎಸೀಬೇಡಿ. ಮೈ ಮುಟ್ಟಬೇಡಿ. ಮುಂದಿನ ಪಟ್ಟು ಏನು ಅಂತ ಮೊದಲೇ ಕೂಗಿ ಜಾಣತನ ತೋರಿಸೋದು ಪಕ್ಕದ ಮಗುವಿನ ಸಂಜೆ ಹಾಳು ಮಾಡುತ್ತೆ. ಮುಗಿದ ಮೇಲೆ ಟೀ ಶರ್ಟೋ ಫೋಟೋವೋ ಕೈಯಾರೆ ದುಡ್ಡು ಕೊಟ್ಟು ತಗೊಳ್ಳಿ. ಸಣ್ಣ ತಂಡದ ಹುಡುಗರಿಗೆ ಪಂದ್ಯದ ಸಂಬಳಕ್ಕಿಂತ ಎಷ್ಟೋ ಸಲ ಆ ಮೇಜೇ ಆಸರೆ.

ಕಾವೇರಿಕಡೆ
ಸಂಘದವರು ಹಾಲಿನ ಎತ್ತರ ಅಳೆದರು. ಸೂರು ಹದಿನೈದು, ಫ್ಯಾನು ಹನ್ನೆರಡೂವರೆ.

ಗ್ಯಾಸ್‌ಕಟ್ಟರ್
ಫ್ಯಾನ್ ಬಿಚ್ಚಿದರೂ ಹದಿನೈದು ಸಾಲದು. ಮೈದಾನವೇ ಸರಿ.

ಹಾರಂಗಿನೀರು
ಮೈದಾನ ಅಂದರೆ ಇಬ್ಬನಿ! ಡಿಸೆಂಬರಲ್ಲಿ ಏಳು ಗಂಟೆಗೆ ಕುರ್ಚಿಯೇ ಒದ್ದೆ ಆಗಿರುತ್ತೆ.

ಮೂರನೇಹಗ್ಗ
ಅದು ಸರಿಯಾದ ಆಕ್ಷೇಪ. ಒದ್ದೆ ಕ್ಯಾನ್ವಾಸ್ ಮೇಲೆ ಹಾರೋದು ಅಪಾಯ, ಬಣ್ಣದಲ್ಲಿ ಲೋಗೋ ಬರೆದಿರೋ ಜಾಗವಂತೂ ಸೋಪು ಹಚ್ಚಿದ ಹಾಗೆ. ಮೇಲಿನ ಹಗ್ಗ ಒದ್ದೆ ಆದರೆ ಮೇಲೆ ಹತ್ತೋದನ್ನೇ ಕೈಬಿಡಬೇಕು. ರಿಂಗಿನ ಮೇಲೆ ಇಪ್ಪತ್ತಡಿ ಎತ್ತರಕ್ಕೆ ಶಾಮಿಯಾನ ಎಳೆದರೆ ಇಬ್ಬನಿ ನೇರ ಬೀಳಲ್ಲ, ಆದರೂ ತಂಪಿಗೆ ತೇವ ಕಟ್ಟುತ್ತೆ. ಪಂದ್ಯದ ನಡುವೆ ಒರೆಸೋಕೆ ಹತ್ತು ಹನ್ನೆರಡು ಒಣ ಟವೆಲು, ಇಬ್ಬರು ಹುಡುಗರು ಬೇಕು. ಅದಕ್ಕಿಂತ ಹೊತ್ತನ್ನೇ ಬದಲಾಯಿಸೋದು ಒಳ್ಳೇದು. ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು, ಆರಕ್ಕೆ ಮುಗಿತಾಯ. ಕಾಫಿ ಕುಯ್ಲು ಶುರುವಾಗಿರುತ್ತೆ, ವಾರದ ದಿನ ಇಟ್ಟರೆ ತೋಟದವರು ಯಾರೂ ಬರೋಕಾಗಲ್ಲ.

ಸೋಮವಾರಪೇಟೆಅಕ್ಕ
ಮೂರಕ್ಕೆ ಅಂದರೆ ದೂರದವರಿಗೆ ಕೊನೆ ಬಸ್ಸೂ ಸಿಗುತ್ತೆ. ಬಿಸಿಲು ಯಾವ ಕಡೆಯಿಂದ ಬೀಳುತ್ತೆ ನೋಡಿಕೊಳ್ಳಿ.

ಪಾಲಿಬೆಟ್ಟದವ
ಹೌದು, ಪಡುವಣಕ್ಕೆ ಬೆನ್ನು ಹಾಕಿ ಕೂರಿ. ಕ್ಯಾಮೆರಾವನ್ನೂ ಆ ಮಗ್ಗುಲಲ್ಲೇ ಇಡೋಕೆ ಹೇಳಿ. ಆಗ ಒಳ್ಳೆ ಜಾಗ ಎರಡೂ ಒಂದೇ ಕಡೆ ಆಗುತ್ತೆ.

ಕಾವೇರಿಕಡೆ
ಭಾನುವಾರ, ಮೈದಾನ, ಮೂರು ಗಂಟೆ ಅಂತ ಅವರಿಗೆ ಹೇಳಿದ್ದೀನಿ. ಗ್ಯಾಸ್‌ಕಟ್ಟರ್ ಅಣ್ಣ, ರಿಂಗ್ ಜೋಡಿಸೋಕೆ ಎಷ್ಟು ಹೊತ್ತು, ಎಷ್ಟು ಜನ?

ಗ್ಯಾಸ್‌ಕಟ್ಟರ್
ಪಳಗಿದ ಐದಾರು ಜನಕ್ಕೆ ಎರಡರಿಂದ ಮೂರು ಗಂಟೆ. ಲಾರಿ ಬೆಳಿಗ್ಗೆ ಒಂಬತ್ತಕ್ಕೇ ಮೈದಾನದಲ್ಲಿರಲಿ. ಮಟ್ಟ ನೋಡೋಕೆ, ರೆಸ್ಲರುಗಳು ಹಗ್ಗ ಓಡಿ ನೋಡೋಕೆ ಹೊತ್ತು ಉಳೀಬೇಕು. ಎಂಟು ಹಲಗೆ ತುಂಡು ನಾನೇ ಕೊಯ್ಸಿ ಇಟ್ಟಿರ್ತೀನಿ, ಶನಿವಾರ ಯಾರಾದರೂ ಪಿಕಪ್ ತಂದು ತಗೊಂಡು ಹೋಗಿ.